ಮಂಗಳವಾರದ ನೀರು

ಫಿದ್ದಾಳಿಗೆ ನಿಯಮಗಳ ಮೇಲಿರುವ ಮಮತೆ ಮನುಷ್ಯರ ಮೇಲಿಲ್ಲ. ಬಹಳ ವರ್ಷ ಅವಳ ಕೆಳಗಿನ ಮನೆಯಲ್ಲಿದ್ದು ಈ ಮಾತು ಹೇಳುತ್ತಿದ್ದೇನೆ. ಕೊಳಾಯಿ ರಿಪೇರಿ ಅವಳ ಕಸುಬು. ಸ್ವಂತ ತಮ್ಮ ಮೀಟರು ತಪ್ಪಿಸಿ ಪೈಪು ಎಳೆದಾಗ ಅವನ ಮೇಲೆಯೇ ದೂರು ಕೊಟ್ಟಳು. ಅದೇ ಸಂಜೆ ಅವನ ಮಗಳ ಮದುವೆಯ ಊಟಕ್ಕೂ ಹೋದಳು. "ಎಲ್ಲಾ ಯಾಕೆ ಮುಖ ತಿರುಗಿಸ್ಕೊಂಡ್ರು ಮೇಡಂ?" ಎಂದು ಮರುದಿನ ನನ್ನನ್ನು ಕೇಳಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅಮ್ಮಾನ್ ಪಟ್ಟಣದ ನಮ್ಮ ಗುಡ್ಡಕ್ಕೆ ನಗರದ ನೀರು ಬರುವುದು ವಾರಕ್ಕೊಮ್ಮೆ, ಮಂಗಳವಾರ. ಬಟ್ಟೆ, ನೆಲ, ಮಕ್ಕಳ ತಲೆಸ್ನಾನ ಎಲ್ಲವೂ ಅಂದೇ. ತಾರಸಿಯ ಟ್ಯಾಂಕುಗಳಲ್ಲಿ ತುಂಬಿದ್ದೇ ಮುಂದಿನ ಮಂಗಳವಾರದವರೆಗೆ. ಆ ಬೇಸಿಗೆಯಲ್ಲಿ ಅವು ತುಂಬಲೇ ಇಲ್ಲ. ಬೇಳೆ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಅದನ್ನೇ ಪಾಯಿಖಾನೆಗೆ ಸುರಿದೆವು. ಪಟ್ಟಣದ ಪಶ್ಚಿಮದ ಬಂಗಲೆಗಳಲ್ಲಿ ಹುಲ್ಲಿಗೆ ನೀರು ಚಿಮ್ಮುತ್ತಿತ್ತು. ಹನಿ ಹನಿ ಉಳಿಸಿ ಎಂಬ ಫಲಕ ಮಾತ್ರ ನಮ್ಮ ಬೀದಿಯಲ್ಲಿತ್ತು.

ನಮ್ಮ ಕಟ್ಟಡದೊಳಗೇ ಒಬ್ಬ ಕಳ್ಳನಿದ್ದ. ನೆಲಮಹಡಿಯ ಅಬು ಲಬೀಬ್ ಅಡುಗೆಮನೆಯಲ್ಲಿ ಮೋಟಾರು ಕೂರಿಸಿ, ಎಲ್ಲರ ಪೈಪಿನಿಂದ ತಾನೊಬ್ಬನೇ ಹೀರುತ್ತಿದ್ದ. ನಮ್ಮ ಮಕ್ಕಳ ಕತ್ತಿನಲ್ಲಿ ಕೊಳೆ ಗೆರೆಗಟ್ಟಿದ್ದಾಗ ಅವನ ಕಾರು ಫಳಫಳ ಹೊಳೆಯುತ್ತಿತ್ತು. ತಪಾಸಣೆಯವರು ಬಂದಾಗಲೆಲ್ಲ ಬಾಗಿಲಿಗೆ ಅಡ್ಡ ನಿಂತು, "ಒಳಗೆ ಹೆಂಗಸರಿದ್ದಾರೆ" ಎನ್ನುತ್ತಿದ್ದ. ಬಂದ ಗಂಡಸರು ತಲೆ ತಗ್ಗಿಸಿ ಹಿಂತಿರುಗುತ್ತಿದ್ದರು. ಹೆಂಡತಿ ನುಹಾಳನ್ನು ಬೀಗದ ಹಾಗೆ ಬಳಸಿದವನು ಅವನು.

ಫಿದ್ದಾ ಮೆಟ್ಟಿಲ ಬುಡದ ಪೈಪಿನ ಮೇಲೆ ಅಂಗೈ ಇಟ್ಟು ನೋಡಿದಳು. ಪೈಪು ನಡುಗುತ್ತಿತ್ತು. ಅಂದೇ ನೀರಿನ ಕಚೇರಿಗೆ ದೂರು ಕೊಟ್ಟಳು.

ತಪಾಸಣೆಯ ದಿನ, ಅಬು ಲಬೀಬ್ ಅಂಗಡಿಗೆ ಹೋದ ಮೇಲೆ, ಅವಳೇ ಅವನ ಬಾಗಿಲು ಬಡಿದಳು. ನಾನು ಬೆನ್ನಿಗೇ ನಿಂತಿದ್ದೆ.

"ತೆಗಿಯೇ ನುಹಾ. ನಾನೇನು ಗಂಡಸಾ?"

"ಅಕ್ಕಾ, ಅವ್ರಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ."

"ನಾನೇ ನುಗ್ಗಿದೆ ಅನ್ನು. ಸ್ಪ್ಯಾನರ್ ತೋರಿಸಿ ಹೆದರಿಸಿದ್ಲು ಅನ್ನು. ಸರಿ ಈಚೆ."

ಒಳಗೆ ಹೋಗಲಾಗದ ಅಧಿಕಾರಿಗೆ ಹೊರಗೇ ಒಪ್ಪಿಸಬೇಕೆಂದು ಮೋಟಾರನ್ನು ಬಿಚ್ಚಿ ತನ್ನ ಸಾಮಾನಿನ ಚೀಲಕ್ಕೆ ತುಂಬಿದಳು. ಯಾರೋ ಸುದ್ದಿ ಮುಟ್ಟಿಸಿದ್ದರು, ಅಬು ಲಬೀಬ್ ಓಡಿ ಬಂದ.

"ನನ್ನ ಮನೇಲೇ ಕಳ್ಳತನ ಮಾಡ್ತೀಯೇನೇ, ಗಂಡುಬೀರಿ!"

"ಹೋಗಿ ಪೊಲೀಸ್ರಿಗೆ ಹೇಳು. ಏನು ಕಳ್ದೋಯ್ತು ಅಂತ ಕೇಳಿದ್ರೆ ಏನಂತೀಯ?"

ಮಹಡಿಯವರೆಲ್ಲ ಮೆಟ್ಟಿಲ ಮೇಲೆ ನೆರೆದು ನಕ್ಕರು. ಅಷ್ಟರಲ್ಲಿ ಅಧಿಕಾರಿ ಬಂದ. ಇನ್ನೂ ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ.

"ಮೋಟಾರು ಸಿಕ್ಕರೆ ಇಡೀ ಕಟ್ಟಡದ ಲೈನಿಗೆ ಸೀಲ್ ಹಾಕ್ಬೇಕು" ಎಂದ. "ವಿಚಾರಣೆ ಮುಗಿಯೋವರೆಗೆ. ಬೇಸಿಗೆ ಕಳೀಬೋದು."

ಫಿದ್ದಾಳ ಮುಖ ಕಪ್ಪಿಟ್ಟಿತು. ಅವನೊಬ್ಬನ ನೀರಷ್ಟೇ ನಿಲ್ಲುತ್ತದೆಂದು ಅವಳು ನಂಬಿದ್ದಳು.

"ತಪ್ಪು ಮಾಡಿದವನು ಒಬ್ಬ."

"ಪೈಪು ಎಲ್ರದ್ದಲ್ವಾ ಅಕ್ಕಾ?"

ನನಗೆ ತಡೆಯಲಾಗಲಿಲ್ಲ. "ಬಂಗಲೆಗಳ ಈಜುಕೊಳಕ್ಕೆ ಯಾವಾಗಪ್ಪಾ ಸೀಲ್ ಹಾಕೋದು?"

"ಮೇಡಂ, ಅದು ಬೇರೆ ವಿಭಾಗ."

ಫಿದ್ದಾಳ ಚೀಲದ ಬಾಯಿಂದ ಮೋಟಾರಿನ ವೈರು ಇಣುಕುತ್ತಿತ್ತು. ಇವಳು ಒಪ್ಪಿಸುತ್ತಾಳೆ, ನಿಯಮವೆಂದರೆ ನಿಯಮ ಎನ್ನುತ್ತಾಳೆ, ಈ ಹೆಂಗಸಿನ ಬೆನ್ನು ಬಾಗಬಾರದೆಂದು ನಾವೆಲ್ಲ ಒಣಗಿ ಸಾಯಬೇಕು ಎಂದು ನನ್ನ ಮೈ ಉರಿಯಿತು. ಮೇಲಿನ ಮೆಟ್ಟಿಲಿನಿಂದ ಯಾರೋ ಅವಳಿಗೆ ಶಾಪ ಹಾಕಿದರು.

ಅವಳು ವೈರನ್ನು ಒಳಕ್ಕೆ ತುರುಕಿದಳು. ಚೀಲವನ್ನು ಮೆಟ್ಟಿಲ ಮೇಲಿಟ್ಟು ಅದರ ಮೇಲೆಯೇ ಕುಳಿತಳು.

"ಮೋಟಾರು ಗೀಟಾರು ಏನೂ ಇಲ್ಲಪ್ಪ. ನಾನು ಕೊಟ್ಟಿದ್ದು ಸುಳ್ಳು ದೂರು."

"ಹಾಗಂತ ಬರೆದ್ರೆ ನಿಮ್ಮ ಕೊಳಾಯಿ ಕೆಲಸದ ಲೈಸೆನ್ಸ್ ಹೋಗುತ್ತೆ ಅಕ್ಕಾ."

"ಬರ್ಕೋ" ಎಂದಳು ಫಿದ್ದಾ, ನಿಲುವಂಗಿಯ ಅಂಚನ್ನು ಚೀಲದ ಮೇಲೆ ಎಳೆದುಕೊಳ್ಳುತ್ತಾ.