ಊರುಗೋಲು ಮುಟ್ಟಬಹುದಾ?

ಮೊನ್ನೆ ಉಡುಪಿಯ ಪುಸ್ತಕದಂಗಡಿಯೊಂದರಲ್ಲಿ ಪಕ್ಕದ ಮನೆಯ ಪುಟ್ಟ ಅನ್ವಿಯನ್ನು ಜೊತೆಗಿಟ್ಟುಕೊಂಡು ಅವಳಿಗೊಂದು ಮಕ್ಕಳ ಪುಸ್ತಕ ಹುಡುಕುತ್ತಿದ್ದೆ. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಮೂಸಿ ನೋಡುವ ಚಟ ನನ್ನದು. ಹಾಗೆ ಮೂಗಿಗೆ ಹಿಡಿದ ಪುಸ್ತಕದ ರಕ್ಷಾಪುಟದಲ್ಲಿ ಗಾಲಿಕುರ್ಚಿಯ ಹುಡುಗಿ, ದಪ್ಪ ಕನ್ನಡಕದ ಹುಡುಗ, ಕಿವಿಗೆ ಯಂತ್ರ ಹಾಕಿಕೊಂಡ ಇನ್ನೊಬ್ಬ, ಎಲ್ಲರೂ ಕೈ ಕೈ ಹಿಡಿದು ನಗುತ್ತಿದ್ದರು. ಒಳ್ಳೆಯ ಪುಸ್ತಕವೇ. ಆದರೆ ನನಗೆ ಒಳಗಿನಿಂದ ಬಂದದ್ದು ಹೊಳೆನೀರಿನ ವಾಸನೆ. ಅಂಗಡಿಯವರ ಸ್ಟೂಲು ಎಳೆದುಕೊಂಡು ಕುಳಿತೆ.

ಒಳ್ಳೆಯ ಪುಸ್ತಕಗಳಿಂದ ಅಪಾಯವಿಲ್ಲ ಎಂದು ನೀವು ನಂಬಿದ್ದೀರಿ, ಅಲ್ಲವೇ? ನಾನೂ ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಿ.ಎ. ಪಾಸು ಮಾಡಿ, ಊರಿಗೆ ಉಪಕಾರ ಮಾಡಲು ತಯಾರಾಗಿ ಕುಳಿತಿದ್ದೆ. ಊರು ಮಾತ್ರ ಏನನ್ನೂ ಕೇಳಿರಲಿಲ್ಲ. ನನ್ನ ಗೆಳತಿ ಲೀಲಾ ಉಡುಪಿ ಬಳಿಯ ಕೆಮ್ಮಣ್ಣು ಎಂಬ ಊರಿನ ಕಡೆ ಒಂದು ಸಣ್ಣ ಶಾಲೆಯಲ್ಲಿ ಟೀಚರು. ಬೇಸರವಾದಾಗ ನಾನು ಅವಳ ಶಾಲೆಗೆ ಹೋಗಿ, ಮಕ್ಕಳ ನಡುವೆ ಕುಳಿತು ಅವಳು ಓದುವ ಕತೆ ಕೇಳುತ್ತಿದ್ದೆ.

ಆ ದಾರಿಯಲ್ಲಿ ದಿನವೂ ಸುಂದರಣ್ಣ ಹೋಗುವರು. ಎಳವೆಯಲ್ಲೇ ಪೋಲಿಯೊ ಬಂದು ಒಂದು ಕಾಲು ಸೋತಿತ್ತು. ಕಂಕುಳಲ್ಲಿ ಊರುಗೋಲು, ಹೆಗಲಲ್ಲಿ ಚೀಲ. ವಿಮೆ ಏಜೆಂಟು. ಕಾರ್ಕಳದಿಂದ ಕಾಪುವಿನ ತನಕ ನೆಮ್ಮದಿಯಿಂದಿರುವ ಮನೆಗಳನ್ನು ಹುಡುಕಿ, ಅವರಿಗೆ ಸಾವಿನ ನೆನಪು ಮಾಡಿಕೊಡುವುದು ಅವರ ಕಸುಬು. ಶಾಲೆಯ ಮಕ್ಕಳು ಅವರ ಹಿಂದೆ ಸಾಲುಗಟ್ಟಿ, ಅವರಂತೆಯೇ ಕುಂಟುತ್ತ ಹೋಗುತ್ತಿದ್ದರು. ಒಂದು ದಿನ ಅದು ಲೀಲಾಳ ಕಣ್ಣಿಗೆ ಬಿತ್ತು. ಬೇರೆ ಟೀಚರಾಗಿದ್ದರೆ ಬೆತ್ತ ತರುತ್ತಿದ್ದರು. ಇವಳು ಮಣಿಪಾಲಕ್ಕೆ ಹೋಗಿ ಪುಸ್ತಕ ತಂದಳು.

ಅದರಲ್ಲಿ ಊರುಗೋಲಿನ ಒಬ್ಬ ಹುಡುಗ. ಮಕ್ಕಳು ಮೊದಲು ಅವನನ್ನು ಗೇಲಿ ಮಾಡುತ್ತಾರೆ, ಆಮೇಲೆ ಪಶ್ಚಾತ್ತಾಪಪಡುತ್ತಾರೆ, ಕೊನೆಗೆ ಕ್ರಿಕೆಟ್ಟಿನಲ್ಲಿ ಅವನನ್ನು ಅಂಪೈರ್ ಮಾಡುತ್ತಾರೆ. ಪುಟಗಳ ಅಡಿಯಲ್ಲಿ ನೀತಿ: ಇಂಥವರನ್ನು ಕಂಡಾಗ ಎದ್ದು ನಿಂತು ಜಾಗ ಕೊಡಬೇಕು. ಅವರ ಊರುಗೋಲನ್ನು ಕೇಳದೆ ಮುಟ್ಟಬಾರದು. ಲೀಲಾ ಓದಿದ ರೀತಿಗೆ ನನ್ನ ಕಣ್ಣೂ ಒದ್ದೆಯಾಯಿತು. ಮಕ್ಕಳಂತೂ ಎಷ್ಟು ಬದಲಾದರೆಂದರೆ, ಸುಂದರಣ್ಣ ದೂರದಲ್ಲಿ ಕಂಡರೆ ಸಾಕು, ಶಾಲೆಯ ಕಟ್ಟೆಯ ಮೇಲೆ ಕುಳಿತವರೆಲ್ಲ ದಡಕ್ಕನೆ ಎದ್ದು ನಿಲ್ಲುವರು. ಸುಂದರಣ್ಣ ಗಾಬರಿಯಾಗಿ ಹಿಂದೆ ತಿರುಗಿ ನೋಡುವರು, ಇನ್‌ಸ್ಪೆಕ್ಟರು ಬಂದರೋ ಎಂದು.

ಇಂಥ ಮಕ್ಕಳನ್ನು ಒಂದು ಶನಿವಾರ ಲೀಲಾ ಹೊಳೆಯಾಚೆಯ ಕಡಲ ದಂಡೆಗೆ ಹೊರಡಿಸಿದಳು. ಅಲ್ಲಿ ಓದಲೆಂದು ಪುಸ್ತಕವೂ ಬಂತು, ಬಿ.ಎ. ಆದವಳೆಂದು ನಾನೂ ಹೋದೆ. ಕಡವಿನ ದೋಣಿ ಸಪೂರದ್ದು. ಅದರಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುವವನು ದೋಣಿಯ ಬಾಬಣ್ಣ; ಒಮ್ಮೆ ಕೂತರೆ ತಹಶೀಲ್ದಾರರಾದರೂ ಏಳುವ ಹಾಗಿಲ್ಲ. ಮಕ್ಕಳನ್ನು ಎರಡೂ ಬದಿಗೆ ತೂಗಿ ಕೂರಿಸಿ, ಬಾಬಣ್ಣ ಇನ್ನೇನು ಕೋಲು ಊರಬೇಕು, ದಡದಿಂದ ಕೂಗು ಬಂತು.

“ಏ ಬಾಬಣ್ಣಾ, ನಿಲ್ಸು ಮಾರಾಯಾ! ಆಚೆ ಒಂದು ಪಾಲಿಸಿ ಉಂಟು!”

ಸುಂದರಣ್ಣ ದೋಣಿ ಹತ್ತುವ ಕಟ್ಟೆಯ ಅಂಚಿಗೆ ಬಂದದ್ದೇ ತಡ, ದೋಣಿಯಲ್ಲಿದ್ದ ಅಷ್ಟೂ ಮಕ್ಕಳು ಒಟ್ಟಿಗೆ ಎದ್ದು ನಿಂತು, “ಇಲ್ಲಿ ಕೂತ್ಕೊಳ್ಳಿ ಅಣ್ಣಾ!” ಎಂದರು.

ಆಮೇಲಿನದನ್ನು ನಾನು ಇಂದಿಗೂ ಪೂರ್ತಿ ಜೋಡಿಸಲಾರೆ. ದೋಣಿ ಒಂದು ಬದಿಗೆ ವಾಲಿತು, ನೀರು ಒಳಗೆ ಬಂತು, “ಕುಲ್ಲುಲೇ!” ಎಂದು ಬಾಬಣ್ಣ ತುಳುವಿನಲ್ಲಿ ಅರಚಿದ್ದಕ್ಕೆ ಮಕ್ಕಳು ಎದ್ದಷ್ಟೇ ವಿಧೇಯತೆಯಿಂದ ದೊಪ್ಪನೆ ಕೂತರು. ದೋಣಿ ನೆಟ್ಟಗಾಯಿತು. ಪ್ರೇಮ ಮಾತ್ರ ಇರಲಿಲ್ಲ.

ಮೂರನೇ ಕ್ಲಾಸಿನ ಪ್ರೇಮ, ಎಲ್ಲರಿಗಿಂತ ಮೊದಲು ಎದ್ದವಳು. ಮುಳುಗಿ ಎದ್ದು ಕಟ್ಟೆಯ ಕೆಳಗಿನ ತೆಂಗಿನ ಕಂಬವನ್ನು ಒಂದು ಕೈಯಲ್ಲಿ ತಬ್ಬಿದ್ದಳು. ಕಂಬದ ತುಂಬ ಪಾಚಿ. ಇಳಿತದ ಹೊತ್ತು, ಹೊಳೆ ಅವಳ ಕಾಲುಗಳನ್ನು ಕಡಲಿನ ಕಡೆಗೆ ಎಳೆಯುತ್ತಿತ್ತು. ದೋಣಿ ಆಗಲೇ ದೂರ ಸರಿದಿತ್ತು. ಸುಂದರಣ್ಣ ಕಟ್ಟೆಯ ಮೇಲೆ ಬೋರಲು ಬಿದ್ದು, ಊರುಗೋಲನ್ನು ಅವಳ ಮೂಗಿನವರೆಗೆ ಚಾಚಿದರು.

ಪ್ರೇಮ ಹಿಡಿಯಲಿಲ್ಲ. ಕಂಬದ ಮೇಲೆ ಅವಳ ಬೆರಳು ಜಾರುವುದು ನನಗೆ ಕಾಣುತ್ತಿತ್ತು. ಅವಳು ನೀರು ಉಗುಳಿ, ಕೋಲನ್ನು ನೋಡಿ, ಆಮೇಲೆ ಸುಂದರಣ್ಣನ ಮುಖ ನೋಡಿ, ಕೇಳಿದಳು:

“ಮುಟ್ಟಬಹುದಾ?”

“ಹಿಡಿ ಮಾರಾಯ್ತಿ! ಮುಟ್ಟು, ಎಳಿ, ಬೇಕಾದರೆ ಕಚ್ಚು! ಹಿಡಿ!”

ಹಿಡಿದಳು. ಸುಂದರಣ್ಣ ಎಳೆದರು. ಅವರ ತೋಳು ಎಂಥದ್ದೆಂದು ಅಂದು ಗೊತ್ತಾಯಿತು; ವರ್ಷಗಟ್ಟಲೆ ಆ ಮೈಯನ್ನು ಹೊತ್ತದ್ದು ಅದೇ ತಾನೆ. ಅಷ್ಟು ಹೊತ್ತು ನಾನೇನು ಮಾಡುತ್ತಿದ್ದೆನೆಂದು ಕೇಳುತ್ತೀರಾ? ನೀತಿಪುಸ್ತಕ ಒದ್ದೆಯಾಗದಂತೆ ಎರಡೂ ಕೈಗಳಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದೆನಂತೆ. ಲೀಲಾ ಹೇಳಿದ್ದು. ನನಗೆ ನೆನಪಿಲ್ಲ.

ಬಾಬಣ್ಣ ದೋಣಿಯನ್ನು ತಿರುಗಿಸಿ ತಂದ ಮೇಲೆ ದಡದಲ್ಲಿ ಎಲ್ಲರೂ ನಡುಗುತ್ತ ಕುಳಿತೆವು. ಪ್ರೇಮಳನ್ನು ಲೀಲಾ ಸೆರಗಿನಲ್ಲಿ ಸುತ್ತಿದ್ದಳು. ಸುಂದರಣ್ಣ ಚೀಲ ಹತ್ತಿರಕ್ಕೆಳೆದುಕೊಂಡು ಗಂಟಲು ಸರಿಪಡಿಸಿಕೊಂಡರು.

“ಟೀಚರೇ, ನೀವಿನ್ನೂ ವಿಮೆ ಮಾಡಿಸಲಿಲ್ಲ ಅಲ್ವಾ? ಇವತ್ತು ಕಣ್ಣಾರೆ ನೋಡಿದಿರಿ. ಇನ್ನು ಯೋಚನೆ ಎಂತ?”

ಲೀಲಾ ಅಳುವುದನ್ನು ನಿಲ್ಲಿಸಿ ನಕ್ಕಳು. ಆಮೇಲೆ ಪುನಃ ಅತ್ತಳು.

“ಮಕ್ಕಳು ಎಂತಕ್ಕೆ ಹೀಗೆ ಎದ್ದು ಬೀಳುವುದು ನನ್ನನ್ನು ಕಂಡರೆ?” ಎಂದು ಅವರು ಕೇಳಿದಾಗ ನಾನು ಪುಸ್ತಕ ಕೊಟ್ಟೆ. ಪುಟ ಮಗುಚಿ ಮಗುಚಿ ನೋಡಿದರು. ಅಂಪೈರ್ ಚಿತ್ರ ಬಂದಾಗ ನಿಂತರು.

“ನನ್ನನ್ನೂ ಹೀಗೇ ಅಂಪೈರ್ ಮಾಡ್ತಿದ್ದರು. ಆ ಸಿಟ್ಟಿಗೆ ಎಲ್ಲರಿಗೂ ಔಟ್ ಕೊಡ್ತಿದ್ದೆ. ಆಮೇಲೆ ಮರ್ಯಾದೆಯಲ್ಲಿ ಬ್ಯಾಟ್ ಕೊಟ್ಟರು.” ಮತ್ತೆ ಚಿತ್ರದ ಹುಡುಗನ ಮೇಲೆ ಬೆರಳಿಟ್ಟರು. “ಈ ಪಾಪದವನಿಗೆ ಪುಸ್ತಕದಲ್ಲಿ ಎಲ್ಲಾ ಕೊಟ್ಟಿದ್ದಾರೆ. ಒಂದು ಮಾತು ಕೊಡಲಿಲ್ಲ, ಅಲ್ವಾ?”

ಸೆರಗಿನೊಳಗಿಂದ ಪ್ರೇಮಳ ತಲೆ ಹೊರಬಂತು. “ಅಣ್ಣಾ, ನಿಮಗೆ ಮರ ಹತ್ತಲಿಕ್ಕೆ ಬರ್ತದಾ?”

“ಹತ್ತಲಿಕ್ಕೆ ಬರ್ತದೆ. ಇಳಿಯಲಿಕ್ಕೆ ಬರುವುದಿಲ್ಲ. ಒಮ್ಮೆ ಮಾವಿನ ಮರದಲ್ಲೇ ರಾತ್ರಿ ಕಳೆದೆ.”

ಅದು ಶುದ್ಧ ಸುಳ್ಳೆಂದು ಬಾಬಣ್ಣ ಕಣ್ಣು ಮಿಟುಕಿಸಿದ. ಆದರೆ ಮಕ್ಕಳು ಆಗಲೇ ಅವರನ್ನು ಮುತ್ತಿದ್ದರು. ಆ ಕಾಲು ನೋಯುತ್ತದಾ, ಚಪ್ಪಲಿ ಒಂದೇ ಕೊಡುತ್ತಾರಾ, ಕನಸಿನಲ್ಲಿ ಓಡುತ್ತೀರಾ. ಕೊನೆಯ ಪ್ರಶ್ನೆಗೆ ಅವರು ಊರುಗೋಲಿನ ನೀರು ಒರೆಸುತ್ತ, “ಓಡ್ತೇನೆ. ಹಿಂದಿನಿಂದ ನಾಯಿ ಬರ್ತದೆ,” ಎಂದರು. ಪುಸ್ತಕವನ್ನು ಲೀಲಾ ಎಸೆಯಲಿಲ್ಲ. ಆದರೆ ಮುಂದೆ ಅದನ್ನು ಓದುವಾಗೆಲ್ಲ ಪ್ರತಿ ಪುಟದಲ್ಲೂ ನಿಂತು, “ಇವನು ಈಗ ಎಂತ ಹೇಳ್ತಿರಬಹುದು?” ಎಂದು ಕೇಳುತ್ತಿದ್ದಳು. ಆ ಹುಡುಗ ಬಾಯಿಬಿಟ್ಟ ಮೇಲೆ ಅಷ್ಟೇನೂ ಒಳ್ಳೆಯವನಾಗಿ ಉಳಿಯಲಿಲ್ಲ.

ಅಂಗಡಿಯವರು ಎರಡನೇ ಸಲ ಕೆಮ್ಮಿದಾಗ ಎಚ್ಚರವಾಯಿತು. ಗಾಲಿಕುರ್ಚಿಯ ಹುಡುಗಿಗೆ ಮಾತಿದೆಯೇ ಎಂದು ಪುಟ ತಿರುವಿದೆ. ಇತ್ತು, ಸಾಕಷ್ಟು ಜಗಳಗಂಟಿಯೇ. ಪುಸ್ತಕ ಕೊಂಡೆ. ಬಾಗಿಲ ಬಳಿ ಮೆಟ್ಟಿಲು ಎತ್ತರ, ನನ್ನ ಮೊಣಕಾಲು ಈಚೆಗೆ ಹೇಳಿದ ಮಾತು ಕೇಳುವುದಿಲ್ಲ. ಅನ್ವಿ ನನ್ನ ಮೊಣಕೈಗೆ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿ ಕೇಳಿದಳು: “ಹಿಡಿಯಬಹುದಾ ಅಜ್ಜಿ?”

“ಹಿಡಿ!”

ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅನ್ವಿ ಗಟ್ಟಿಯಾಗಿ ಹಿಡಿದುಕೊಂಡು, ಒಂದು ಮೆಟ್ಟಿಲು ಇಳಿಸಿದ ಮೇಲೆ ಹೇಳಿದಳು:

“ಮೆಲ್ಲ ಹೇಳಿದರೂ ಕೇಳ್ತದೆ ಅಜ್ಜಿ.”