ಚೌಕಟ್ಟಣ್ಣನ ಅಳತೆಕಡ್ಡಿ

ನಮ್ಮ ಬೀದಿಯ ಯಾವ ಮನೆಯ ಬಾಗಿಲನ್ನಾದರೂ ಎರಡು ಬೆರಳಲ್ಲಿ ತಳ್ಳಿ ನೋಡಿ. ಸದ್ದಿಲ್ಲದೆ ಹೋಗಿ ಚೌಕಟ್ಟಿನಲ್ಲಿ ಕೂತರೆ ಅದು ನಮ್ಮ ಮಾವ ಮಾಡಿದ ಬಾಗಿಲು, ಕಿರ್ರೆಂದರೆ ಬೇರೆ ಯಾರೋ ಮಾಡಿದ್ದು. ಇದು ನನ್ನ ಮಾತಲ್ಲ, ಮಾವನದೇ ಮಾತು. ಆದರೂ ನಿಜ. ಬಡಗಿ ಕೆಲಸದಲ್ಲೇ ತಲೆಗೂದಲು ಬೆಳ್ಳಗಾದ ಅವರನ್ನು ಬೀದಿಯವರೆಲ್ಲ ಚೌಕಟ್ಟಣ್ಣ ಎಂದೇ ಕರೆಯುತ್ತಾರೆ. ಮಳೆ ಹಿಡಿದು ಮರ ಉಬ್ಬುವ ದಿನಗಳಲ್ಲಿ ಯಾರೂ ಹೇಳಿಕಳಿಸದಿದ್ದರೂ ಉಜ್ಜುಗೊರಡು ಹಿಡಿದು ಮನೆಮನೆಗೂ ಹೋಗಿ ತಾವು ಮಾಡಿದ ಬಾಗಿಲುಗಳ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಾರೆ. ಮನೆಯವರ ಯೋಗಕ್ಷೇಮ ಆಮೇಲೆ, ನೆನಪಾದರೆ.

ಮರದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಸಹಿಸದ ಈ ಮನುಷ್ಯ ಬಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕಕ್ಕೆಲ್ಲ ಗಾದೆ. ಮಾವನ ಲೆಕ್ಕದಲ್ಲಿ ಕಾಲು ಎಷ್ಟೇ ಇರಲಿ, ಹಾಸಿಗೆ ಬೀದಿ ಕೊನೆಯವರೆಗೂ ಇರಬೇಕು. ಮಕ್ಕಳ ಬಟ್ಟೆ ತಂದರೆ ಎರಡು ಅಳತೆ ದೊಡ್ಡದು. ಯಾಕೆ ಎಂದರೆ ಒಂದೇ ಉತ್ತರ: ಬೆಳೆಯೋ ಮೈ. ಮದುವೆಗೆ ನನ್ನ ಗಂಡನ ಕೋಟು ಹೊಲಿಸಿದವರೂ ಇವರೇ. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಕೈ ಹಿಡಿದಿರುವುದು ಗಂಡನಲ್ಲ, ಕೋಟಿನ ತೋಳು. ಮೀಸೆ ಬಂದು, ಕೆಲಸ ಸಿಕ್ಕಿ, ಮದುವೆಯೂ ಆಗುತ್ತಿರುವ ಗಂಡಸು ಇನ್ನೆಲ್ಲಿ ಬೆಳೆಯುತ್ತಾನೆ ಎಂದು ದರ್ಜಿ ಕೇಳಿದ್ದನಂತೆ. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರ ಹಟಕ್ಕೆ ಬೇರು ಎಲ್ಲಿದೆ ಎಂದು ನನ್ನ ಗಂಡ ನಿಧಾನವಾಗಿ ಹೇಳಿದ್ದರು. ಮಾವ ಐದು ಗಂಡುಮಕ್ಕಳಲ್ಲಿ ಕೊನೆಯವರು. ಹೊಸ ಅಂಗಿ ದೊಡ್ಡಣ್ಣನ ಮೈಗೆ ಬಂದು, ಒಬ್ಬೊಬ್ಬರ ಬೆವರು ಕುಡಿದು, ಕೊನೆಗೆ ಇವರ ಮೈಗೆ ಇಳಿಯುತ್ತಿತ್ತು. ಅಣ್ಣಂದಿರೆಲ್ಲ ದಾಂಡಿಗರು, ಇವರು ಕಡ್ಡಿ. ಚಡ್ಡಿ ಜಾರದಂತೆ ಸೊಂಟಕ್ಕೆ ಹುರಿ, ಶಾಲೆಯಲ್ಲಿ ಗುಂಡಿ ಹಾಕಿದ ಮೂಟೆ ಎಂಬ ಹೆಸರು. ಮೊದಲ ಸಂಬಳದಲ್ಲಿ ತಾವೇ ಅಂಗಡಿಗೆ ಹೋಗಿ ಅಂಗಿ ಕೊಂಡಾಗಲೂ ಕೈ ತಾನಾಗಿ ದೊಡ್ಡ ಅಳತೆಯ ಕಡೆಗೇ ಹೋಯಿತಂತೆ. ಬಟ್ಟೆ ಎಂದರೆ ಹಾಗೇ ಇರುವುದು ಎಂದು ಮೈಗೆ ಅಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತು.

ಇದನ್ನೆಲ್ಲ ಕೇಳಿ ನಾನು ಮರುಗಿದೆ, ನಕ್ಕೆ, ಸುಮ್ಮನಾದೆ. ಸುಮ್ಮನಿರಲಾಗದ ಕಾಲ ಬಂದಿದ್ದು ಮಗಳು ಹುಟ್ಟಿದ ಮೇಲೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ಕೈ ಪಳಗಿಸಿ ಕಲಿತ ಕೆಲಸ, ನನಗೆ ಅದರ ಮೇಲೆ ಪ್ರಾಣ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಗಂಡ ಬಸ್ ಓಡಿಸುತ್ತಾರೆ, ಬೆಳಿಗ್ಗೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಹಗಲು ಮಗುವನ್ನು ನೋಡಿಕೊಳ್ಳಲು ಉಳಿದವರು ಮಾವ ಒಬ್ಬರೇ. ಅವರ ಕೈಯಲ್ಲಿ ಮಗುವನ್ನು ಬಿಡಲು ಧೈರ್ಯ ಬಂದರೆ ನನಗೆ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಮಾವ ಮಾತ್ರ ನಾನು ಹೂಂ ಅನ್ನುವ ಮೊದಲೇ ಕೆಲಸದ ಕೋಣೆಯ ಅರ್ಧ ಖಾಲಿ ಮಾಡಿ, ಮರದ ಹೊಟ್ಟು ಗುಡಿಸಿ, ಉಳಿ ಗರಗಸಗಳನ್ನೆಲ್ಲ ಎತ್ತರದ ಹಲಗೆಗೆ ಏರಿಸಿ, ಕಿಟಕಿಯ ಪಕ್ಕ ಚಾಪೆ ಹಾಸಿ ಸಿದ್ಧರಾಗಿದ್ದರು.

ಮಗುವಿಗೆ ಅವರು ಬಟ್ಟೆಯನ್ನೂ ತಂದಿದ್ದರು. ಕೂರಲೂ ಬಾರದ ಕೂಸಿಗೆ, ಓಡಾಡುವ ಮಗುವಿನ ಅಂಗಿಗಳು. ಹಾಕಿದರೆ ಮಗಳು ಎಲ್ಲಿದ್ದಾಳೆ ಎಂದು ಹುಡುಕಬೇಕಿತ್ತು. ತೋಳು ಮಡಚಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು, ಕೈಬೆರಳು ಒಳಗೇ ಉಳಿಯುತ್ತಿತ್ತು. ನಮ್ಮ ಅಂಗಡಿಗೆ ಬರುವವರು ಯಾರೂ ಬೆಳೆಯೋ ಕಣ್ಣು ಎಂದು ಒಂದು ನಂಬರ್ ಜಾಸ್ತಿ ಹಾಕಿಸಿಕೊಳ್ಳುವುದಿಲ್ಲ ಮಾವ ಎಂದು ಚುಚ್ಚಿದೆ. ಅವರು ಮೂಗಿನ ತುದಿಗೆ ಜಾರಿದ ತಮ್ಮ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡು ನಕ್ಕರು. ಅದೂ ದೊಡ್ಡದೇ.

ರಜೆ ಮುಗಿಯುವ ವಾರ, ಅಭ್ಯಾಸವಾಗಲಿ ಎಂದು ಒಂದು ಮಧ್ಯಾಹ್ನ ಮಗುವನ್ನು ಅವರ ಬಳಿ ಬಿಟ್ಟು ಔಷಧಿ ಅಂಗಡಿಗೆ ಹೋಗಿಬಂದೆ. ಬಂದಾಗ ಮಾವ ಚಾಪೆಯ ಪಕ್ಕದಲ್ಲೇ ಕೂತು ಏನೋ ಗುನುಗುತ್ತ ಮರದ ಹಿಡಿಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಮಗು ಮಲಗಿತ್ತು. ನಿದ್ದೆಯಲ್ಲಿ ಕಾಲು ಒದ್ದು ಒದ್ದು ಅಂಗಿಯೊಳಗೇ ಕೆಳಕ್ಕೆ ಜಾರಿತ್ತು. ಅಗಲ ಕುತ್ತಿಗೆಯ ಅಂಚು ಗಲ್ಲ ದಾಟಿ, ಬಾಯಿ ದಾಟಿ, ಮೂಗಿನ ಮೇಲೆ ಬಂದು ಕೂತಿತ್ತು.

ಚೀಲ ಎಸೆದು ಬಟ್ಟೆ ಎಳೆದುಹಾಕಿದೆ. ನಿದ್ದೆ ಕೆಟ್ಟ ಮಗಳು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಆ ಕಿರುಚಾಟದಷ್ಟು ಹಿತವಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಾವ ಅಷ್ಟು ಹತ್ತಿರ ಕೂತಿದ್ದರೂ ಅವರಿಗೆ ಅದು ಕಂಡಿರಲಿಲ್ಲ. ಬಟ್ಟೆಯೊಳಗೆ ಮುಳುಗಿದ ಮಗು ಅವರ ಕಣ್ಣಿಗೆ ಹೊಸದಲ್ಲ, ಅವರು ಕಂಡ ಮಕ್ಕಳೆಲ್ಲ ಹಾಗೇ ಇದ್ದವರು.

ಮಗಳನ್ನು ಎದೆಗೆ ಒತ್ತಿಕೊಂಡೇ ಹೇಳಿದೆ: "ಕಿಟಕಿಗೆ ಇರೋ ಅಳತೆ ಮಗೂಗೆ ಇಲ್ವಾ ಮಾವ? ಹೀಗಾದ್ರೆ ಇವಳನ್ನ ನಿಮ್ಮ ಹತ್ರ ಬಿಡಲ್ಲ. ಕೆಲಸ ಹೋದ್ರೆ ಹೋಗಲಿ."

ಆ ಮಾತಿಗೆ ನಾನು ಇವತ್ತಿಗೂ ಬೇಜಾರು ಪಟ್ಟುಕೊಂಡಿಲ್ಲ. ಆಡಬೇಕಾದ ಮಾತೇ ಅದು. ಬೇರೆ ಯಾವ ಹಿರಿಯರಾದರೂ ನಾವೇನು ಮಕ್ಕಳನ್ನ ಸಾಕಿಲ್ವಾ ಎಂದು ಶುರುಮಾಡುತ್ತಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮಾವ ಹಾಗೆ ಮಾಡಲಿಲ್ಲ. ಉಪ್ಪುಕಾಗದ ಕೆಳಗಿಟ್ಟು, ಮಗುವಿನ ಮುಖವನ್ನೇ ನೋಡುತ್ತ ಒಂದೇ ಒಂದು ಕೇಳಿದರು: "ಉಸಿರಾಡ್ತಾ ಇದ್ಳಲ್ಲಮ್ಮ?"

ಇದ್ದಳು ಎಂದೆ. ಅವರು ಎದ್ದು ತಾವು ತಂದಿದ್ದ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಬೀರುವಿನ ಮೇಲಿಟ್ಟರು. ಆ ಸಂಜೆ ಕೆಲಸದ ಕೋಣೆಯಿಂದ ಮರ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಬೆಳಿಗ್ಗೆ ನಾನು ಮಗುವಿಗೆ ಹಾಲು ಕುಡಿಸಿ ಮಲಗಿಸುವಾಗ ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಕೇಳಿದರು. ತಮ್ಮದೇ ಮನೆ, ತಾವೇ ಮಾಡಿದ ಬಾಗಿಲು. ಕೈಯಲ್ಲಿ ತೆಳ್ಳಗಿನ ಮರದ ಕಡ್ಡಿ ಇತ್ತು. ಬಡಗಿಗಳು ಬಾಗಿಲಿನ ಅಳತೆಯನ್ನು ಟೇಪಿನಲ್ಲಿ ಓದಿ ತಲೆಯಲ್ಲಿ ಇಟ್ಟುಕೊಂಡರೆ ದಾರಿಯಲ್ಲಿ ಉದುರಿಹೋಗುತ್ತದೆಂದು ಇಂಥ ಕಡ್ಡಿಯನ್ನು ಚೌಕಟ್ಟಿಗೆ ಹಿಡಿದು ಅದರ ಮೇಲೇ ಗುರುತು ಮಾಡಿಕೊಳ್ಳುತ್ತಾರೆ. ಕಡ್ಡಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಇದನ್ನು ಮಾತ್ರ ಮೂಲೆ ಮೊನೆಗಳೇ ಇಲ್ಲದಂತೆ ಉಜ್ಜಿ ನುಣುಪು ಮಾಡಿದ್ದರು. ಬಣ್ಣ, ಪಾಲಿಶ್ ಒಂದೂ ಇಲ್ಲ. ಹೇಗಿದ್ದರೂ ಅದು ಮಗುವಿನ ಬಾಯಿಗೆ ಹೋಗುವುದೇ ಎಂದು ಅವರಿಗೆ ಗೊತ್ತಿತ್ತು. ಹೋಯಿತು ಕೂಡ.

ಮಗು ನಿದ್ದೆಗೆ ಜಾರಿ ಕಾಲು ಚಾಚುವವರೆಗೂ ಮಂಡಿಯೂರಿ ಕಾದರು. ಆಮೇಲೆ ಉಸಿರು ಬಿಗಿಹಿಡಿದು, ಭುಜದಿಂದ ಹಿಮ್ಮಡಿಗೆ ಒಂದು ಗುರುತು, ಭುಜದಿಂದ ಮಣಿಕಟ್ಟಿಗೆ ಒಂದು. ಎದೆಯ ಸುತ್ತಳತೆಗೆ ನೂಲು. ಪ್ರತಿ ಗುರುತಿಗೂ ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

ಗುರುತು ಹಾಕಿ ಮುಗಿದ ಮೇಲೆ ಅವರಿಗೆ ಒಂದು ಅನುಮಾನ ಬಂತು. ಬಟ್ಟೆ ಮೈಗೆ ಸರಿಸಮನಾಗಿ ಇದ್ದರೂ ತಪ್ಪಲ್ಲವೇ, ಮರ ಉಬ್ಬುತ್ತದೆ ಎಂದು ಬಾಗಿಲಿಗೂ ಸಂದು ಬಿಡುತ್ತೇವಲ್ಲ, ಮಗುವಿಗೆ ಸಂದು ಎಷ್ಟು ಬಿಡಬೇಕು ಎಂದು ನನ್ನನ್ನು ಕೇಳಿದರು. ತಿಳಿದಷ್ಟು ಹೇಳಿದೆ. ಕುತ್ತಿಗೆಯಲ್ಲಿ ಒಂದು ಬೆರಳು ಆಡಬೇಕು, ಇಡೀ ಕೈ ಆಡಬಾರದು. ಹೊಟ್ಟೆಯ ಹತ್ತಿರ ಎರಡು ಬೆರಳು, ಹಾಲು ಕುಡಿದ ಮೇಲೆ ಅದು ಉಬ್ಬುತ್ತದೆ. ಪಾದ ಮುಚ್ಚುವ ಉಡುಪಾದರೆ ಕಾಲ್ಬೆರಳು ಮಡಚದೆ ಆಡುವಷ್ಟು ಜಾಗ. ಮಾವ ಪ್ರತಿಯೊಂದಕ್ಕೂ ತಲೆಯಾಡಿಸಿದರು. "ಸರಿ. ಬಾಗಿಲು ಆಡಬೇಕು, ಗಾಳಿ ನುಗ್ಗಬಾರದು."

ಮಗುವನ್ನು ಸ್ವಲ್ಪ ಹೊತ್ತು ಎದುರುಮನೆಯಾಕೆಯ ಬಳಿ ಬಿಟ್ಟು ಅದೇ ದಿನ ಅಂಗಡಿಗೆ ಹೋದೆವು. ಸಿದ್ಧ ಉಡುಪಿನ ಅಂಗಡಿಯ ಯಜಮಾನಿ ಕೈಯಲ್ಲಿ ಕಡ್ಡಿ ಹಿಡಿದು ಬಂದ ಬಡಗಿಯನ್ನು ನೋಡಿ, ಮುರಿದ ಕಪಾಟು ಒಳಗಿದೆ ಎಂದು ದಾರಿ ತೋರಿಸಿದರು. ಮಾವ ಬಟ್ಟೆ ಬೇಕು ಎಂದರು. ಎಷ್ಟು ತಿಂಗಳ ಮಗು ಎಂದು ಅವರು ಕೇಳಿದರೆ ಇವರು ಕಡ್ಡಿ ಮುಂದೆ ಹಿಡಿದು, ಇಷ್ಟು ಎಂದರು. ನಾನು ಕಾಲುಚೀಲಗಳ ಕಡೆ ತಿರುಗಿ ಇವರ ಪರಿಚಯವೇ ಇಲ್ಲದವಳಂತೆ ನಿಂತೆ. ಆದರೆ ಸ್ವಲ್ಪ ಹೊತ್ತಿನಲ್ಲೇ ತಮಾಷೆ ನೋಡಲು ನಾನೇ ವಾಪಸ್ ಬಂದೆ. ಒಂದೇ ವಯಸ್ಸಿನ ಚೀಟಿ ಅಂಟಿಸಿಕೊಂಡ ಅಂಗಿಗಳು ಕಡ್ಡಿಯ ಮೇಲೆ ಒಂದೊಂದು ಒಂದೊಂದು ಕಡೆ ನಿಲ್ಲುತ್ತಿದ್ದವು. ಒಂದು ಗಿಡ್ಡ, ಒಂದು ಉದ್ದ, ಇನ್ನೊಂದಕ್ಕೆ ತೋಳು ಮಾತ್ರ ಅಣ್ಣನದು. ಕೌಂಟರ್ ಮೇಲೆ ರಾಶಿ ಬಿತ್ತು. ಯಜಮಾನಿಯ ಮುಖ ಗಂಟಾಗುತ್ತಿತ್ತು. ಮಾವ ಒಂದೊಂದನ್ನೂ ಮಡಚಿ ಬದಿಗಿಟ್ಟರು. ಕೊನೆಗೆ ಹಳದಿ ಬಣ್ಣದ, ಮುಂದೆ ಒತ್ತುಗುಂಡಿಯ ಒಂದು ಅಂಗಿ ಕಡ್ಡಿಗೂ ನೂಲಿಗೂ ಸರಿಹೊಂದಿತು. ಕೊಳ್ಳುವ ಮೊದಲು ಕೈ ಒಮ್ಮೆ ಪಕ್ಕದ ದೊಡ್ಡ ಅಳತೆಯ ಕಡೆ ಹೋಗಿದ್ದನ್ನು ನಾನು ಕಂಡೆ. ಹೋದ ಕೈಯನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು.

ಅರವತ್ತಕ್ಕೆ ಅರಳುಮರಳು ಎನ್ನುವವರು ಆ ಕೈಯನ್ನು ನೋಡಬೇಕಿತ್ತು. ಜೀವಮಾನವಿಡೀ ಒಂದೇ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ನನಗೆ ನನ್ನ ಮಾವನ ಮೇಲೆ ಆವತ್ತು ಬಂದ ಗೌರವ ಅವರು ಮಾಡಿದ ಬಾಗಿಲುಗಳನ್ನೆಲ್ಲ ನೋಡಿದಾಗಲೂ ಬಂದಿರಲಿಲ್ಲ.

ಮನೆಗೆ ಬಂದು ಹಾಕಿದರೆ ಅಂಗಿಯ ತೋಳು ಮಣಿಕಟ್ಟಿಗೆ ಬಂದು ನಿಂತಿತು. ಮಗಳಿಗೆ ತನ್ನ ಕೈಗಳು ಸಿಕ್ಕಿದವು. ಮುಷ್ಟಿಯನ್ನು ಮುಖದ ಮುಂದೆ ತಂದು, ತಿರುಗಿಸಿ, ಇದು ಯಾರದು ಎಂಬಂತೆ ನೋಡಿದಳು. ಆಮೇಲೆ ಅದೇ ಕೈ ಚಾಚಿ ತಾತನ ಕಿವಿಯಿಂದ ಪೆನ್ಸಿಲ್ ಕಿತ್ತುಕೊಂಡಳು. ಮಾವ ಅದನ್ನು ವಾಪಸ್ ಕೇಳಲೂ ಇಲ್ಲ. ಇವಳ ಬೆರಳು ಇಷ್ಟು ಉದ್ದ ಇದೆ ಅಂತ ಇವತ್ತೇ ಗೊತ್ತಾಗಿದ್ದು ಎಂದು ಇಡೀ ದಿನ ಹೇಳಿಕೊಂಡು ಓಡಾಡಿದರು.

ನಾನು ಕೆಲಸಕ್ಕೆ ಹೋದೆ. ಹೋದೆ ಎಂದರೆ ಮೈ ಹೋಯಿತು, ಜೀವ ಮನೆಯಲ್ಲೇ ಇತ್ತು. ಊಟದ ಬಿಡುವಿನಲ್ಲಿ ಫೋನ್, ಸಂಜೆ ಗಡಿಯಾರ ಬಡಿಯುವ ಮೊದಲೇ ಚೀಲ ಹೆಗಲಿಗೆ. ಬಸ್ ಇಳಿದು ಮನೆಯವರೆಗೂ ಓಟ. ಬಾಗಿಲು ತಳ್ಳಿದ ಕೂಡಲೇ ಮೊದಲು ನೋಡುತ್ತಿದ್ದುದು ಅಂಗಿಯ ಕುತ್ತಿಗೆಯನ್ನು. ಮಾವನಿಗೆ ಇದು ಗೊತ್ತಿತ್ತು. ನಾನು ಕೇಳುವ ಮೊದಲೇ ಅಂಚಿನಲ್ಲಿ ಒಂದು ಬೆರಳು ಆಡಿಸಿ ತೋರಿಸುತ್ತಿದ್ದರು. ಬೇಸರ ಎಂಬುದು ಅವರ ಮುಖದಲ್ಲಿ ಒಂದು ದಿನವೂ ಕಾಣಲಿಲ್ಲ.

ಹೀಗಿರುವಾಗ ಒಂದು ಸಂಜೆ ಬೀದಿಯ ತಿರುವಿನಲ್ಲೇ ಎದುರುಮನೆಯಾಕೆ ನನ್ನನ್ನು ತಡೆದು, ನಿಮ್ಮ ಮಗಳ ಅಂಗಿ ಚಿಕ್ಕದಾಯಿತಂತಲ್ಲ ಎಂದರು. ಇಸ್ತ್ರಿ ಅಂಗಡಿಯವನೂ ಅದನ್ನೇ ಹೇಳಿದ. ಅಂಗಿ ಇನ್ನೂ ಹೊಸದರಂತಿದೆ, ಇಷ್ಟಕ್ಕೆ ಬಿಸಾಡಬೇಕಾ, ನಾನು ಹೇಳಲಿಲ್ಲವಾ ಎಂದು ಮಾವ ಮತ್ತೆ ಮೂರು ಕಾಲಿನ ಮೊಲ ಹಿಡಿಯುತ್ತಾರೆ, ಗಂಟು ಬೀರುವಿನಿಂದ ಕೆಳಗಿಳಿಯುತ್ತದೆ ಎಂದುಕೊಂಡು ಬಂದೆ.

ಮಾವ ಹೊಸ್ತಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಹಳದಿ ಅಂಗಿಯ ತೋಳು ಮಣಿಕಟ್ಟು ಬಿಟ್ಟು ಮೇಲೆ ಸರಿದಿತ್ತು, ಕೆಳಗಿನ ಒತ್ತುಗುಂಡಿ ಕೂರುತ್ತಿರಲಿಲ್ಲ. ಅವರ ಮುಖ ಮಾತ್ರ ಊರಗಲ.

"ನೋಡಮ್ಮ, ಚಿಕ್ಕದಾಯ್ತು," ಎಂದರು.

ಬೇಜಾರಿಲ್ವಾ ಮಾವ, ಹೊಸ ಬಟ್ಟೆ ಎಂದೆ.

ಅವರು ಮಗುವಿನ ಬರಿಯ ಮಣಿಕಟ್ಟನ್ನು ಹೆಬ್ಬೆರಳಲ್ಲಿ ಸವರಿದರು. "ನನ್ನ ಮೈಗೆ ಯಾವ ಬಟ್ಟೇನೂ ಚಿಕ್ಕದಾಗಿದ್ದೇ ಇಲ್ಲಮ್ಮ. ಅಷ್ಟರಲ್ಲಿ ಹರಿದೇ ಹೋಗೋದು. ನಾನು ಬೆಳೆದಿದ್ದು ನನಗೂ ಗೊತ್ತಾಗ್ಲಿಲ್ಲ, ನಮ್ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ."

ಚೀಲ ಇಳಿಸಿ ಒಳಗೆ ಬಂದೆ. ಕಡ್ಡಿ ಚಾಪೆಯ ಮೇಲೆ ಸಿದ್ಧವಾಗಿತ್ತು. ಮಗಳು ಈಗ ಅಳೆಯುವವರೆಗೆ ಸುಮ್ಮನೆ ಮಲಗುವ ಕೂಸಲ್ಲ, ಒಂದು ಕಾಲು ಹಿಡಿದರೆ ಇನ್ನೊಂದು ಒದೆಯುತ್ತದೆ. ನಾನು ಅವಳ ಮಂಡಿ ಒತ್ತಿ ಹಿಡಿದೆ, ಮಾವ ಹಳೆಯ ಗುರುತಿನಾಚೆ ಹೊಸ ಗುರುತು ಹಾಕಿದರು. ಎರಡರ ನಡುವಿನ ಜಾಗದಲ್ಲಿ ತಮ್ಮ ಬೆರಳಿಟ್ಟು ನೋಡಿಕೊಂಡು ಮತ್ತೊಮ್ಮೆ ನಕ್ಕರು.

ಆ ಸಂಜೆ ನಾನು ಮಗುವಿನ ಅಂಗಿಯ ಕುತ್ತಿಗೆಯನ್ನು ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿತ್ತು, ಸಂಜೆ ಸ್ವಲ್ಪ ಹೊತ್ತು ಉಳಿಯುತ್ತೀಯಾ ಎಂದು ಯಜಮಾನರು ಕೇಳಿದಾಗಲೆಲ್ಲ ಆಗುವುದಿಲ್ಲ ಎಂದು ಓಡಿಬರುತ್ತಿದ್ದೆ.

"ಮಾವ, ನಾಳೆ ನಾನು ಬರೋದು ಸ್ವಲ್ಪ ತಡ ಆಗುತ್ತೆ," ಎಂದೆ.

ಅವರು ಕಡ್ಡಿಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು, ಅದನ್ನು ಮೇಲಕ್ಕೆ ತಳ್ಳಿಕೊಳ್ಳುವುದನ್ನೂ ಮರೆತಿದ್ದರು.

"ನಿಧಾನವಾಗಿ ಬಾಮ್ಮ," ಎಂದರು.