ಅತ್ತಿಗೆಯೂ ನಾನೂ ಆಡಿದ ಹೊಡೆದಾಟದ ಆಟ

ನನ್ನ ಗಂಡನ ಅಕ್ಕ ನಮ್ಮ ಮಣಿಪಾಲದ ಫ್ಲ್ಯಾಟಿಗೆ ಬಂದು ಉಳಿದದ್ದು ಅವರ ಯಜಮಾನರು ಬೋಟಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ. ಅವರ ಮನೆ ಕಾಪುವಿನಲ್ಲಿ. ಅವರ ಯಜಮಾನರನ್ನು ನಾನು ಅಣ್ಣ ಎಂದು ಕರೆಯುತ್ತೇನೆ. ಅಣ್ಣ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ದುಡಿಯುವವರು, ಅತ್ತಿಗೆ ಮಾರ್ಕೆಟಿನಲ್ಲಿ ಮೀನು ಮಾರುವವರು. ಆಪರೇಷನ್ ಮಣಿಪಾಲದಲ್ಲಿ ಆಗಬೇಕಿತ್ತು. ಹಗಲು ಅತ್ತಿಗೆ ಆಸ್ಪತ್ರೆಯಲ್ಲಿರುತ್ತಿದ್ದರು, ಸಂಜೆ ಮಗ ಬಂದ ಮೇಲೆ ನಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಗಂಡ ಔಷಧಿ ಕಂಪೆನಿಯ ಕೆಲಸದವನು. ಹೆಬ್ರಿ, ಕುಂದಾಪುರ, ಬೈಂದೂರು ಎಂದು ವಾರದ ಹೆಚ್ಚಿನ ದಿನ ತಿರುಗಾಟದಲ್ಲೇ ಇರುತ್ತಾನೆ. ಹಾಗಾಗಿ ಸಂಜೆ ಹೊತ್ತು ಮನೆಯಲ್ಲಿ ನಾವಿಬ್ಬರೇ.

ನಮ್ಮಿಬ್ಬರ ನಡುವೆ ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹಬ್ಬಕ್ಕೆ ಹೋದರೆ ಊಟ ಬಡಿಸುತ್ತಿದ್ದರು, ಹೊರಡುವಾಗ ಮೀನು ಕಟ್ಟಿಕೊಡುತ್ತಿದ್ದರು. ಅದರಾಚೆಗೆ ನಾವು ಮಾತಾಡಿದ್ದು ಕಡಿಮೆ.

ಮೂರು ಜನರ ಮನೆಯ ಕೆಲಸವನ್ನು ಮುಗಿಸಿ ಮಾರ್ಕೆಟಿನಲ್ಲಿ ದಿನವಿಡೀ ಕೂರುವ ಹೆಂಗಸಿಗೆ ನಮ್ಮ ಫ್ಲ್ಯಾಟಿನಲ್ಲಿ ಏನೂ ಕೆಲಸವಿರಲಿಲ್ಲ. ಬಂದ ಕೆಲವೇ ದಿನಗಳಲ್ಲಿ ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಾಯಿಸಿದವು. ಒಂದು ಸಂಜೆ ನಾನು ಉಡುಪಿಯ ಆಫೀಸಿನಿಂದ ಬಂದು ಚಾ ಪುಡಿ ಹುಡುಕಿದರೆ ಸಿಗಲಿಲ್ಲ.

"ಮೇಲಿನ ಕಪಾಟಿನಲ್ಲಿ ಉಂಟು," ಎಂದರು ಅತ್ತಿಗೆ. "ಒಲೆಯ ಹತ್ತಿರ ಇಟ್ಟರೆ ಪರಿಮಳ ಹೋಗ್ತದೆ."

ಚಾ ಕುಡಿದು ರೂಮಿಗೆ ಹೋಗಿ ಟಿವಿಗೆ ನನ್ನ ಗೇಮಿನ ಡಬ್ಬ ಸಿಕ್ಕಿಸಿದೆ.

ಆ ಡಬ್ಬದ ಬಗ್ಗೆ ಹೇಳಬೇಕು. ಅಂಗೈಯಷ್ಟು ದೊಡ್ಡದು, ಆನ್‌ಲೈನಿನಲ್ಲಿ ತರಿಸಿದ್ದು. ಅದರೊಳಗೆ ಹಳೆಯ ಕಾಲದ ಸಾವಿರಾರು ವಿಡಿಯೋ ಗೇಮುಗಳಿವೆ, ಜೊತೆಗೆ ಎರಡು ಜಾಯ್‌ಸ್ಟಿಕ್. ನಾನು ಆಡುವುದು ಒಂದೇ ಬಗೆಯ ಆಟವನ್ನು. ನಮ್ಮವನು ಪರದೆಯ ಎಡದಿಂದ ಬಲಕ್ಕೆ ಬೀದಿಯಲ್ಲಿ ನಡೆಯುತ್ತಾ ಹೋಗಬೇಕು, ಎರಡೂ ಕಡೆಯಿಂದ ರೌಡಿಗಳು ಬರುತ್ತಾರೆ, ಅವರನ್ನೆಲ್ಲ ಹೊಡೆದು ಕೆಡವಿದರೆ ಮುಂದೆ ಹೋಗು ಎಂದು ಬಾಣದ ಗುರುತು ಮಿನುಗುತ್ತದೆ. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಅಪ್ಪನ ವಾಚ್ ರಿಪೇರಿ ಅಂಗಡಿ ಇತ್ತು. ಪಕ್ಕದ ಕೋಣೆಯಲ್ಲಿ ಗೇಮ್ ಅಂಗಡಿ. ಶಾಲೆ ಬಿಟ್ಟು ಅಪ್ಪನಿಗಾಗಿ ಕಾಯುವ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪ ದಿನಕ್ಕೆ ಒಂದು ಸಲದ ಆಟಕ್ಕೆ ಮಾತ್ರ ಒಪ್ಪುತ್ತಿದ್ದರು, ಹಾಗಾಗಿ ಬೇಗ ಸಾಯದೆ ಆಡುವುದನ್ನು ಕಲಿತೆ. ಆದರೂ ಯಾವ ಆಟದ ಕೊನೆಯನ್ನೂ ನಾನು ಅಲ್ಲಿ ನೋಡಲಿಲ್ಲ.

ಈ ಆಟಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಹೊಡೆಯಲು ಒಂದು ಗುಂಡಿ, ಹಾರಲು ಒಂದು ಗುಂಡಿ ಸಾಕು. ಪೆಟ್ಟಿನ ಸದ್ದು ದಪ್ಪಗಿರಬೇಕು. ಸದ್ದು ತೆಳುವಾದರೆ ಚಿತ್ರ ಎಷ್ಟು ಚೆಂದವಿದ್ದರೂ ಆಟ ಸಪ್ಪೆ. ಅದೇ ರೌಡಿಗೆ ಬೇರೆ ಬಣ್ಣದ ಅಂಗಿ ಹಾಕಿ ಹೊಸಬನೆಂದು ಕಳಿಸುವುದು ಮೋಸವೇ, ಆದರೆ ನನಗೆ ಬೇಸರವಿಲ್ಲ, ಅವನು ಹೇಗೆ ಹೊಡೆಯುತ್ತಾನೆಂದು ಮೊದಲೇ ತಿಳಿದಿರುತ್ತದೆ. ಇಡೀ ಆಟದ ವಿದ್ಯೆ ಇಷ್ಟೇ: ನಡುವೆ ಸಿಕ್ಕಿಕೊಳ್ಳದೆ ಎಲ್ಲರನ್ನೂ ಒಂದೇ ಪಕ್ಕಕ್ಕೆ ತಂದುಕೊಳ್ಳುವುದು. ಈಗ ಹೊಸದಾಗಿ ಇದೇ ಬಗೆಯ ಆಟಗಳನ್ನು ಮಾಡುತ್ತಿದ್ದಾರೆ. ಅವುಗಳಲ್ಲಿ ಅಂಕ ಕೂಡಿಸಿ ಶಕ್ತಿ ಕೊಂಡುಕೊಳ್ಳಬೇಕು, ಹೆಜ್ಜೆಗೊಂದು ಸೂಚನೆ ಓದಬೇಕು. ನನಗೆ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವಾಗಲೇ ಅದೆಲ್ಲ ಸಾಕಾಗಿರುತ್ತದೆ.

ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು.

"ಎಂತ ಇದು?"

"ಗೇಮ್ ಅತ್ತಿಗೆ. ಚಿಕ್ಕಂದಿನಲ್ಲಿ ಆಡ್ತಾ ಇದ್ದದ್ದು."

ಸ್ವಲ್ಪ ಹೊತ್ತು ನೋಡಿದರು. "ಇವರು ಯಾಕೆ ಹೊಡೆದಾಡುವುದು?"

"ಇವಳ ತಂಗಿಯನ್ನು ಎತ್ತಿಕೊಂಡು ಹೋಗಿದ್ದಾರೆ. ಬಿಡಿಸಿಕೊಂಡು ಬರ್ಲಿಕ್ಕೆ ಹೋಗುವುದು."

"ಪೊಲೀಸರಿಗೆ ಹೇಳಬಹುದಲ್ವಾ?"

ಪರದೆಯಲ್ಲಿ ನಾನು ಒಂದು ಡ್ರಮ್ ಒಡೆದೆ. ಒಳಗಿಂದ ತಟ್ಟೆ ಸಮೇತ ಹುರಿದ ಕೋಳಿ ಬಂತು. ನನ್ನವಳು ಅದನ್ನು ತಿಂದಳು, ಶಕ್ತಿಯ ಪಟ್ಟಿ ತುಂಬಿತು.

"ಡ್ರಮ್ಮಿನೊಳಗೆ ಇಟ್ಟದ್ದನ್ನು ತಿಂತಾಳಾ?" ಎಂದರು ಅತ್ತಿಗೆ. ಅವರ ಮುಖದಲ್ಲಿ ನಿಜವಾದ ಅಸಹ್ಯ ಕಂಡು ನನಗೆ ನಗು ಬಂತು. ಎರಡನೇ ಜಾಯ್‌ಸ್ಟಿಕ್ ಕೊಟ್ಟೆ. ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಚಾಪೆಯ ಮೇಲೆ ಕೂತರು.

ನಾನು ಯಾವಾಗಲೂ ವೇಗದ ಹುಡುಗಿಯನ್ನು ಆರಿಸುವವಳು. ಅತ್ತಿಗೆ ಇದ್ದವರಲ್ಲೇ ದೊಡ್ಡ ಪೈಲ್ವಾನನನ್ನು ಆರಿಸಿದರು. ಅವನು ನಿಧಾನ, ಹಾರಲು ಬರುವುದಿಲ್ಲ ಎಂದು ನಾನು ಹೇಳಿದೆ. "ಇವನು ಇರಲಿ," ಎಂದರು. ಮೊದಲ ಸಂಜೆ ಅವರಿಗೆ ಯಾವ ಗುಂಡಿ ಯಾವುದೆಂದೇ ತಿಳಿಯಲಿಲ್ಲ. ಮೂರ್ನಾಲ್ಕು ಸಂಜೆ ಕಳೆದ ಮೇಲೆ ಒಂದು ವಿಷಯ ಚೆನ್ನಾಗಿ ಕಲಿತರು: ಹತ್ತಿರ ಬಂದವನನ್ನು ಹಿಡಿದು ಎತ್ತಿ ಎಸೆಯುವುದು. ಹೊಡೆಯುವುದು ಅವರಿಗೆ ರುಚಿಸಲಿಲ್ಲ. ಯಾರು ಬಂದರೂ ಎತ್ತಿ ಎಸೆಯುವುದೇ. ಆ ಆಟದಲ್ಲಿ ಜೊತೆಗಾರರಿಗೂ ಪೆಟ್ಟು ಬೀಳುತ್ತದೆ. ಅವರು ಎಸೆದ ರೌಡಿ ಹೆಚ್ಚಾಗಿ ನನ್ನ ಮೇಲೆಯೇ ಬಂದು ಬೀಳುತ್ತಿದ್ದ.

"ನಿನಗೆ ತಾಗಿತಾ?"

"ತಾಗಿತು ಅತ್ತಿಗೆ."

"ಸ್ವಲ್ಪ ದೂರ ನಿಲ್ಲು ಮತ್ತೆ."

ನಮ್ಮಲ್ಲಿ ವಾದ ಆದದ್ದು ಬೇರೆ ವಿಷಯಕ್ಕೆ. ಆಟ ನಮಗೆ ಕೊಟ್ಟ ಜೀವಗಳೆಲ್ಲ ಮುಗಿದ ಮೇಲೆ ಪರದೆಯಲ್ಲಿ ಅಂಕಿ ಒಂದೊಂದಾಗಿ ಇಳಿಯುತ್ತದೆ. ಅದು ಸೊನ್ನೆಗೆ ಬರುವುದರೊಳಗೆ ಇನ್ನೊಂದು ಕಾಯಿನ್ ಹಾಕಿದರೆ ಬಿದ್ದಲ್ಲಿಂದಲೇ ಎದ್ದು ಆಡಬಹುದು. ನಮ್ಮ ಡಬ್ಬದಲ್ಲಿ ಕಾಯಿನ್ ಎಂದರೆ ಒಂದು ಗುಂಡಿ ಮಾತ್ರ, ಎಷ್ಟು ಸಲ ಬೇಕಾದರೂ ಒತ್ತಬಹುದು. ನಾನು ಒತ್ತುವುದಿಲ್ಲ. ಸತ್ತರೆ ಮೊದಲಿನಿಂದ ಶುರು.

"ಎಂತ ಕೇಳ್ತಾ ಉಂಟು ಅದು?" ಎಂದರು ಅತ್ತಿಗೆ, ಅಂಕಿ ಇಳಿಯುವುದನ್ನು ನೋಡಿ.

"ಮುಂದುವರಿಸ್ತೀರಾ ಅಂತ."

"ಹೌದು ಅಂತ ಹೇಳು."

"ಹಾಗೆ ಮಾಡಿದರೆ ಅದು ಆಟವೇ ಅಲ್ಲ. ಯಾರೂ ಸೋಲುವುದೇ ಇಲ್ಲವಲ್ಲ. ಕಾಯಿನ್ ನುಂಗಲಿಕ್ಕೆಂದೇ ಮಾಡಿದ ಮೆಷಿನ್ ಇದು. ಅದಕ್ಕೆ ಕೊಡದೆ ಮುಂದೆ ಹೋಗುವುದೇ ಆಡುವವರ ಕೆಲಸ."

"ಅದು ಎದ್ದು ಬಾ ಅಂತ ಕರೀತಾ ಉಂಟು. ನೀನು ಮಲಗಿದ್ದೀ."

ನನ್ನ ವಾದ ಸರಿಯೆಂದೇ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆಟ ನನ್ನದು, ಡಬ್ಬವೂ ನನ್ನದು. ಮೊದಲಿನಿಂದ ಶುರು ಮಾಡಿದೆ. ಅತ್ತಿಗೆಯೂ ಜೊತೆಗೆ ಆಡಿದರು.

ಅಣ್ಣನ ಆಪರೇಷನ್ ಮುಂದೆ ಹೋಯಿತು. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರದೆ ಅರಿವಳಿಕೆ ಕೊಡುವುದಿಲ್ಲ ಎಂದರು ಡಾಕ್ಟರು. ಬೆಳಿಗ್ಗೆಯಿಂದ ಉಪವಾಸ ಕೂರಿಸಿ, ಬಟ್ಟೆ ಬದಲಾಯಿಸಿ, ಆಮೇಲೆ ವಾರ್ಡಿಗೆ ಮರಳಿ ಕಳಿಸಿದ್ದರಂತೆ. ಆ ಸಂಜೆ ಅತ್ತಿಗೆ ಬಂದವರೇ ಕಾಲು ತೊಳೆದು ಚಾಪೆಯ ಮೇಲೆ ಕೂತರು. ಎರಡನೆಯ ಹಂತದ ಕೊನೆಯಲ್ಲಿ ಕತ್ತಿ ಹಿಡಿದ ಒಬ್ಬ ಬರುತ್ತಾನೆ. ಅವನ ಕೈಯಲ್ಲಿ ಇಬ್ಬರೂ ಸತ್ತೆವು. ಅಂಕಿ ಇಳಿಯಿತು, ಆಟ ಮುಗಿಯಿತು. ನಾನು ಎಂದಿನಂತೆ ಮೊದಲ ಬೀದಿಗೆ ಹೋದೆ.

ಅತ್ತಿಗೆ ಜಾಯ್‌ಸ್ಟಿಕ್ ಕೆಳಗಿಟ್ಟರು. "ಪುನಃ ಮೊದಲಿಂದ ನನ್ನಿಂದ ಆಗುವುದಿಲ್ಲ," ಎಂದರು. ದನಿ ಎತ್ತರಿಸಲಿಲ್ಲ. "ಅಲ್ಲಿಯೂ ಪುನಃ ಮೊದಲಿಂದ. ನಾಳೆ ಪುನಃ ರಕ್ತ ತೆಗೀತಾರೆ, ಪುನಃ ಉಪವಾಸ ಕೂರಿಸ್ತಾರೆ. ಇಲ್ಲಿ ಒಂದು ಗುಂಡಿ ಒತ್ತಿದರೆ ಆಗ್ತದೆ. ನೀನು ಅದನ್ನೂ ಒತ್ತುವುದಿಲ್ಲ."

ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಮಾಡಲು ಏನೂ ಇರಲಿಲ್ಲ. ನಲ್ಲಿಯ ಸದ್ದು ಕೇಳಿತು, ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದರು. ನಾನು ಟಿವಿ ಆರಿಸಿ ಹೋಗಿ ಪಾತ್ರೆ ಒರೆಸಲು ನಿಂತೆ. ಗಂಜಿಗೆ ಚಟ್ನಿ ಅರೆಯಲೇ ಎಂದು ಕೇಳಿದೆ. ಉಪ್ಪಿನಕಾಯಿ ಸಾಕು ಎಂದರು.

ಆ ಭಾನುವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಮಗನೇ ಇದ್ದ. ಊಟವಾದ ಮೇಲೆ ನಾನು ಟಿವಿ ಹಾಕಿ, "ಬನ್ನಿ, ಕಡೆಯವರೆಗೆ ಹೋಗುವಾ," ಎಂದೆ.

"ಗುಂಡಿ ಒತ್ತುತ್ತೀಯಾ?"

"ಒತ್ತುತ್ತೇನೆ."

ಆ ಆಟವನ್ನು ನಾನು ಎಂದೂ ಹಾಗೆ ಆಡಿರಲಿಲ್ಲ. ಸಾಯುವ ಭಯ ಹೋದ ಮೇಲೆ ನನ್ನ ಕೈ ಸಡಿಲವಾಯಿತು. ಬೀದಿ ಮುಗಿದು ರೈಲು ಬಂತು, ರೈಲು ಮುಗಿದು ಕಾರ್ಖಾನೆ. ಕಾರ್ಕಳದಲ್ಲಿ ದೊಡ್ಡ ಹುಡುಗರ ಹೆಗಲ ಸಂದಿಯಿಂದ ಅಲ್ಲಿಯವರೆಗೆ ನೋಡಿದ್ದೆ. ಅದರಾಚೆಯದೆಲ್ಲ ನನಗೂ ಹೊಸತು. ಎದುರಾಳಿಗಳು ಗುಂಪಾಗಿ ಬರತೊಡಗಿದರು. ಅತ್ತಿಗೆ ಬಿದ್ದರೆ ನಾನು ಅವರ ಗುಂಡಿ ಒತ್ತುತ್ತಿದ್ದೆ, ನಾನು ಬಿದ್ದರೆ ಅವರು ನನ್ನದು.

ಕಾರ್ಖಾನೆಯ ನಡುವಿನಲ್ಲಿ ಅತ್ತಿಗೆ ಮಾತು ತೆಗೆದರು. ಕಣ್ಣು ಪರದೆಯ ಮೇಲೆಯೇ ಇತ್ತು.

"ನಿನ್ನ ಮೇಲೆ ನನಗೆ ಮೊದಲು ಸಿಟ್ಟಿತ್ತು. ಗೊತ್ತುಂಟಾ?"

"ಸ್ವಲ್ಪ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ."

"ತಮ್ಮನಿಗೆ ಹೂಡೆಯಲ್ಲಿ ಒಂದು ಹುಡುಗಿ ನೋಡಿದ್ದೆ. ಮಾತು ಕೊಟ್ಟು ಬಂದಿದ್ದೆ. ಆಮೇಲೆ ಇವನು ನಿನ್ನ ವಿಷಯ ಹೇಳಿದ. ಆ ಮನೆಗೆ ಹೋಗಿ ಇಲ್ಲ ಅಂತ ಹೇಳಿದವಳು ನಾನೇ. ಒಬ್ಬಳೇ ಹೋದೆ. ಆ ಹುಡುಗಿಯ ಅಮ್ಮ ನನಗೆ ಚಾ ಕೊಟ್ಟು ಕಳಿಸಿದರು. ಬೈದಿದ್ದರೆ ಬೇಜಾರಾಗ್ತಿರಲಿಲ್ಲ."

"ಅವನು ನನಗೆ ಇದನ್ನು ಹೇಳಲೇ ಇಲ್ಲ," ಎಂದೆ.

"ಅವನಿಗೂ ಗೊತ್ತಿಲ್ಲ. ಹುಡುಗಿಯ ಕಡೆಯವರೇ ಬೇಡ ಅಂದರು ಅಂತ ಹೇಳಿದ್ದೆ. ಈಗ ಆ ಹುಡುಗಿ ಗಂಡನ ಜೊತೆ ದುಬೈಯಲ್ಲಿ ಇದ್ದಾಳೆ, ಚೆನ್ನಾಗಿದ್ದಾಳೆ. ನಿನ್ನ ಹಿಂದಿನಿಂದ ಒಬ್ಬ ಬರ್ತಾ ಇದ್ದಾನೆ, ನೋಡು."

ತಿರುಗಿ ಹೊಡೆದೆ. ಮಾತು ಅಲ್ಲಿಗೇ ನಿಂತಿತು. ಎದುರುಬದುರು ಕೂತಿದ್ದರೆ ಅವರು ಅದನ್ನು ಹೇಳುತ್ತಿರಲಿಲ್ಲ, ನಾನೂ ಸುಮ್ಮನೆ ಕೇಳಿಸಿಕೊಳ್ಳುತ್ತಿರಲಿಲ್ಲ. ಈ ಬಗೆಯ ಆಟದ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಇದನ್ನೂ ಹೇಳುತ್ತೇನೆ. ಒಬ್ಬರ ಮೇಲೊಬ್ಬರು ಬಿದ್ದು ಆಡುವ ಕುಸ್ತಿಯ ಗೇಮುಗಳಿಗಿಂತ ನನಗೆ ಇದೇ ಮೇಲು, ಯಾಕೆಂದರೆ ಇಲ್ಲಿ ಇಬ್ಬರೂ ಒಂದೇ ಪಕ್ಷ.

ಕೊನೆಯವನು ಕೋಟು ತೊಟ್ಟ ದಪ್ಪ ಮನುಷ್ಯ. ಕಟ್ಟಡದ ತಾರಸಿಯಲ್ಲಿ ನಿಂತು ಗುಂಡು ಹಾರಿಸುತ್ತಾನೆ, ಅವನ ಹತ್ತಿರ ಹೋಗುವುದೇ ಕಷ್ಟ. ಆಟ ಕಟ್ಟಿದವರು ಅಲ್ಲಿ ನ್ಯಾಯವಾಗಿ ನಡೆದುಕೊಂಡಿಲ್ಲ. ಎಷ್ಟು ಸಲ ಬಿದ್ದೆವೋ ಲೆಕ್ಕವಿಡಲಿಲ್ಲ. ಕೊನೆಗೆ ಅತ್ತಿಗೆಯ ಪೈಲ್ವಾನ ಅವನನ್ನು ಹಿಡಿದು ಎಸೆದ, ಅವನು ಮಿನುಗಿ ಮಾಯವಾದ. ತಂಗಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. ಸೂರ್ಯ ಹುಟ್ಟಿದ. ಆಟ ಮಾಡಿದವರ ಹೆಸರುಗಳು ಮೇಲಕ್ಕೆ ಸರಿದವು.

"ಇಷ್ಟೆಯಾ?" ಎಂದರು ಅತ್ತಿಗೆ.

"ಇಷ್ಟೇ."

"ಪರವಾಗಿಲ್ಲ. ಸಿಕ್ಕಿದಳಲ್ಲ," ಎಂದು ಎದ್ದು ಚಾ ಇಡಲು ಹೋದರು.

ಅಣ್ಣನ ಆಪರೇಷನ್ ಮುಂದಿನ ವಾರ ಆಯಿತು. ಡಿಸ್ಚಾರ್ಜ್ ಆದ ಮೇಲೆ ಫಿಸಿಯೋಥೆರಪಿಗೆ ಹೋಗಿಬರಲು ಸುಲಭವೆಂದು ಅವರೂ ನಮ್ಮಲ್ಲೇ ಉಳಿದರು. ವಾಕರ್ ಹಿಡಿದು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕಿತ್ತು. ನೋವಾಗುತ್ತದೆಂದು ಎರಡು ಹೆಜ್ಜೆಗೇ ಕುರ್ಚಿ ಕೇಳುತ್ತಿದ್ದರು. ಅತ್ತಿಗೆ ಕುರ್ಚಿಯನ್ನೇ ರೂಮಿಗೆ ಸಾಗಿಸಿಬಿಟ್ಟರು. ಕುರ್ಚಿ ಬೇಕಾದರೆ ರೂಮಿನವರೆಗೆ ನಡೆಯಬೇಕು. ನಡೆದು ಬಂದು ಕೂತ ಮೇಲೆ ಅವರು ನಮ್ಮ ಆಟ ನೋಡುತ್ತಿದ್ದರು. ಒಮ್ಮೆಯೂ ಜಾಯ್‌ಸ್ಟಿಕ್ ಮುಟ್ಟಲಿಲ್ಲ, ಆದರೆ ಬಾಯಿ ಸುಮ್ಮನಿರಲಿಲ್ಲ. "ಮೇಲೆ ಹೋಗು, ಕೆಳಗೆ ಬಾ, ಅವನನ್ನು ಯಾಕೆ ಬಿಟ್ಟಿ ಮಾರಾಯ್ತಿ," ಎನ್ನುತ್ತಿದ್ದರು. ತಿರುಗಾಟದಿಂದ ಬಂದ ನನ್ನ ಗಂಡ ಒಂದು ಸಂಜೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ ಬಂದ.

ಅವರು ಕಾಪುವಿಗೆ ಮರಳಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅಣ್ಣನಿಗೆ ಬೋಟಿಗೆ ಹೋಗಲು ಇನ್ನು ಆಗುವುದಿಲ್ಲ. ದಡದಲ್ಲಿ ಬಲೆ ಕಟ್ಟುವ ಕೆಲಸ ಹಿಡಿದಿದ್ದಾರೆ. ಅದರಲ್ಲಿ ಅವರಿಗೆ ಖುಷಿಯಿಲ್ಲ, ಆದರೂ ಹೋಗುತ್ತಾರೆ. ಅತ್ತಿಗೆ ಮತ್ತೆ ಮಾರ್ಕೆಟಿನಲ್ಲಿ ಕೂರುತ್ತಾರೆ.

ಈಚೆಗೆ ಅಣ್ಣನ ತಪಾಸಣೆಗೆಂದು ಇಬ್ಬರೂ ಬಂದಿದ್ದರು. ಕೆಲಸ ಬೇಗ ಮುಗಿಯಿತು. ಹತ್ತಿರದ ಮಾಲ್‌ನಲ್ಲಿ ನಿಂತು ಆಡುವ ಹಳೆಯ ಬಗೆಯ ಮೆಷಿನ್ ಒಂದನ್ನು ಇಟ್ಟಿದ್ದಾರೆಂದು ಕೇಳಿದ್ದೆ, ಅವರನ್ನು ಕರೆದುಕೊಂಡು ಹೋದೆ. ಅಣ್ಣ ಹೊರಗಿನ ಬೆಂಚಿನಲ್ಲಿ ಕೂತರು. ನಾವು ಮೆಷಿನ್ನಿನ ಮುಂದೆ ಪಕ್ಕಪಕ್ಕ ನಿಂತೆವು. ಬೇರೆ ಆಟ, ಬೇರೆ ಬೀದಿ. ಈಗ ಕಾಯಿನ್ ಇಲ್ಲ, ಕಾರ್ಡ್ ಉಜ್ಜಬೇಕು.

"ನಿಂತು ಆಡುವುದೇ ಒಳ್ಳೆಯದು," ಎಂದರು ಅತ್ತಿಗೆ. "ಕೂತರೆ ಮೊಣಕಾಲು ಹಿಡೀತದೆ."

ಲಿಫ್ಟ್ ಮೇಲೇರುವ ಹಂತದಲ್ಲಿ ಇಬ್ಬರೂ ಸತ್ತೆವು. ನಮ್ಮ ಹಿಂದೆ ಕಾಲೇಜಿನವರು ಕಾಯುತ್ತಿದ್ದರು, ಹಾಗಾಗಿ ಬಿಟ್ಟುಕೊಟ್ಟೆವು. ಅಣ್ಣ ಬೆಂಚಿನಲ್ಲಿ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಿ, ಹೋಟೆಲಿನಲ್ಲಿ ಬನ್ಸ್ ತಿಂದು, ಉಡುಪಿಯವರೆಗೆ ನಾನೂ ಹೋಗಿ ಕಾಪುವಿನ ಬಸ್ ಹತ್ತಿಸಿದೆ. ಸೀಟು ಸಿಕ್ಕಿತೆಂದು ಅತ್ತಿಗೆ ಕಿಟಕಿಯಿಂದ ಕೈಸನ್ನೆ ಮಾಡಿದರು. ಬಸ್ಸು ಹೊರಟಿತು. ನಾನು ಮಣಿಪಾಲದ ಬಸ್ ಹಿಡಿಯಲು ಆಚೆ ಬದಿಗೆ ದಾಟಿದೆ.